ತಕ್ಕಡಿ, ಧರ್ಮಾದಾಯ ಮತ್ತು ಅಚೌರ್ಯಾಣುವ್ರತ

ಸರಕಿನ ಬೆಲೆ ಕೇಳುವಾಗ ಒಂದಾಗಿದ್ದು, ಹಣ ಎಣಿಸುವಾಗ ಇನ್ನೊಂದಾಗುವುದು ಇಂದಿನ ಪೇಟೆಯಲ್ಲಿ ಹೊಸದಾಗಿ ಹುಟ್ಟಿದ ದೋಷವಲ್ಲ. ಹೇಳಿದ ಬೆಲೆಗೂ ಕೈಬದಲಾದ ಹಣಕ್ಕೂ ನಡುವಿನ ಅಂತರವು ವ್ಯಾಪಾರದಷ್ಟೇ ಹಳೆಯದು. ಕೊಳ್ಳುವವನಿಂದ ಹೆಚ್ಚು ವಸೂಲು ಮಾಡಿದಾಗ ಅದು ಗುಪ್ತ ಶುಲ್ಕವಾಗುತ್ತದೆ. ಮಾರುವವನಿಗೆ ಕಡಿಮೆ ಕೊಟ್ಟಾಗ ಅದು ಕಡಿತವಾಗುತ್ತದೆ. ಎರಡರ ಸ್ವರೂಪವೂ ಒಂದೇ. ಎದುರಿನವನು ಒಪ್ಪಿದ್ದಕ್ಕಿಂತ ಬೇರೆಯಾದುದನ್ನು ಅವನ ಅರಿವಿಲ್ಲದೆ ಪಡೆಯುವುದೇ ಆ ಸ್ವರೂಪ. ಜೈನಾಚಾರ್ಯರು ಇದನ್ನು ಅಚೌರ್ಯಾಣುವ್ರತದ ಪ್ರಕರಣದಲ್ಲಿ ವಿಚಾರಿಸಿರುವುದು ಗಮನಾರ್ಹವಾಗಿದೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ಜೈನ ಸಮಾಜಕ್ಕೆ ಈ ವಿಚಾರವು ವಿಶೇಷವಾಗಿ ಸಂಬಂಧಿಸಿದ್ದು. ಕಾಗವಾಡದ ನೆಲಮಾಳಿಗೆಯ ಬಸದಿಯಲ್ಲಿರುವ ಕ್ರಿ.ಶ. 1394ರ ಶಾಸನವು ಯಾಪನೀಯ ಸಂಘದ ಗುರುಗಳನ್ನು ಸ್ಮರಿಸುತ್ತದೆ. ಅಷ್ಟು ಪ್ರಾಚೀನವಾದ ಧರ್ಮಪರಂಪರೆ ಈ ನೆಲದ್ದು. ಬೇರೆ ಪ್ರಾಂತಗಳಲ್ಲಿ ಜೈನರೆಂದರೆ ವರ್ತಕರು ಎಂಬ ಭಾವನೆ ಜನರಲ್ಲಿದೆ. ಆದರೆ ಇಲ್ಲಿ ಜೈನರಲ್ಲಿ ಬಹುಭಾಗ ನೇಗಿಲು ಹಿಡಿದ ಒಕ್ಕಲು ಮನೆತನಗಳು; ಅಂಗಡಿ, ಅಡತಿ ನಡೆಸಿದವರೂ ಅದೇ ಬಸದಿಯ ಶ್ರಾವಕರು. ತಕ್ಕಡಿಯ ಒಂದು ಪರಡಿಯ ಬಳಿ ನಿಂತವನೂ ಇನ್ನೊಂದು ಪರಡಿಯ ಬಳಿ ನಿಂತವನೂ ಪರ್ವದ ದಿನ ಒಂದೇ ಅಭಿಷೇಕಕ್ಕೆ ಕೈಮುಗಿದು ನಿಲ್ಲುವವರು. ಆದ್ದರಿಂದ ತೂಕದ ನ್ಯಾಯವು ಇಲ್ಲಿ ಸಮಾಜದ ಒಳಗಿನ ಪ್ರಶ್ನೆಯೂ ಆಗಿದೆ.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಲಾಗಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು ಮುಂತಾದವುಗಳ ಸಾಲಿನಲ್ಲಿಯೇ ಎರಡು ವ್ಯಾಪಾರದೋಷಗಳು ಬರುತ್ತವೆ. ಒಂದು ಹೀನಾಧಿಕ ಮಾನೋನ್ಮಾನ. ಅಂದರೆ ಕೊಡುವಾಗ ಕಡಿಮೆಯ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಬಳಸುವುದು. ಇನ್ನೊಂದು ಪ್ರತಿರೂಪಕ ವ್ಯವಹಾರ. ಅಂದರೆ ಕಲಬೆರಕೆ ಅಥವಾ ನಕಲಿ ವಸ್ತುವನ್ನು ಅಸಲಿಯೆಂದು ಮಾರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಇವೆರಡನ್ನು ಬಿಡದೆ ಹೇಳಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು ಸೇರಿದೆ. ಹೀಗೆ ತಕ್ಕಡಿ ಮತ್ತು ಖಾತೆಯ ಪುಸ್ತಕ ಎರಡನ್ನೂ ಆಚಾರ್ಯರು ವ್ರತದ ವ್ಯಾಪ್ತಿಯೊಳಗೆ ತಂದರು. ರಾತ್ರಿ ಗೋಡೆ ಕೊರೆಯುವವನನ್ನು ಮಾತ್ರವಲ್ಲ, ಹಗಲು ತೂಕದಲ್ಲಿ ಕೈಚಳಕ ತೋರಿಸುವವನನ್ನೂ ಒಂದೇ ಪ್ರಕರಣದಲ್ಲಿ ಇಟ್ಟರು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲಿಗೆ ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನೇ ಹೊರತು ಪೂಜೆಯನ್ನಾಗಲಿ ದಾನವನ್ನಾಗಲಿ ಅಲ್ಲ.

ವ್ಯಾಪಾರದಿಂದ ಧರ್ಮಕಾರ್ಯಕ್ಕೆ ಪಾಲು ಎತ್ತುವ ಪದ್ಧತಿ ಈ ಭಾಗದಲ್ಲಿ ಬಹು ಪ್ರಾಚೀನವಾದುದು. ರಟ್ಟ ವಂಶದ ನಾಲ್ವಡಿ ಕಾರ್ತವೀರ್ಯನು ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ಕೂಂಡಿ ಮೂರುಸಾವಿರ ನಾಡನ್ನು ಆಳುತ್ತಿದ್ದಾಗ ಅವನ ಮಂತ್ರಿ ಬೀಚಣನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಕ್ರಿ.ಶ. 1204ರ ಎರಡು ಶಾಸನಗಳು ಆ ಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಮೂಲಕ ಸಂದ ದತ್ತಿಗಳನ್ನು ವಿವರಿಸುತ್ತವೆ. ಭೂಮಿಯ ದತ್ತಿಯ ಜೊತೆಗೆ ಊರಿನ ವರ್ತಕ ಸಮುದಾಯಗಳೂ ಲಾಳ, ಮಲೆಯಾಳ ಮುಂತಾದ ದೇಶಗಳಿಂದ ಬಂದ ವ್ಯಾಪಾರಿಗಳೂ ಸೇರಿ ತಮ್ಮ ತಮ್ಮ ಸರಕಿನ ಮೇಲೆ ಬಸದಿಗೆ ಇಂತಿಷ್ಟು ಸಲ್ಲತಕ್ಕದ್ದೆಂದು ಗೊತ್ತುಮಾಡಿದ ಸಂಗತಿ ಅಲ್ಲಿ ದಾಖಲಾಗಿದೆ. ಆ ಶಿಲೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ.

ಈ ದತ್ತಿಯ ರೀತಿಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಕೊಡುವವರು ತಾವೇ ಕೂಡಿ ಒಪ್ಪಿದ್ದರು. ಯಾವ ಸರಕಿಗೆ ಎಷ್ಟು ಎಂಬುದು ನಿಶ್ಚಿತವಾಗಿತ್ತು. ಅದನ್ನು ಎಲ್ಲರೂ ನೋಡುವಂತೆ ಕಲ್ಲಿನ ಮೇಲೆ ಕೆತ್ತಿಸಲಾಗಿತ್ತು. ಪೇಟೆಗೆ ಬಂದ ಪರದೇಶದ ವರ್ತಕನಿಗೂ ತಾನು ಕೊಡಬೇಕಾದುದು ಎಷ್ಟು, ಅದು ಯಾರಿಗೆ ಸೇರುತ್ತದೆ ಎಂಬುದು ಮುಂಚಿತವಾಗಿ ತಿಳಿಯುವಂತಿತ್ತು. ಧರ್ಮದ ಹೆಸರಿನ ವಸೂಲಿಗೆ ಇದಕ್ಕಿಂತ ನಿರ್ಮಲವಾದ ಮಾದರಿ ದೊರೆಯುವುದು ಕಷ್ಟ.

ಕಾಲಾಂತರದಲ್ಲಿ ಈ ಪದ್ಧತಿಯ ಸ್ವರೂಪ ಬದಲಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ಹತ್ತಿ, ಶೇಂಗಾ, ಬೆಲ್ಲ, ತಂಬಾಕು ದೂರದ ಪೇಟೆಗಳಿಗಾಗಿ ಬೆಳೆಯತೊಡಗಿದಾಗ, ರೈತ ಮತ್ತು ಖರೀದಿದಾರರ ನಡುವೆ ದಲಾಲ, ಅಡತಿ, ತೊಲಾರಿ, ಹಮಾಲ ಎಂಬ ಮಧ್ಯಸ್ಥರ ಸಾಲೇ ಬೆಳೆಯಿತು. ಭಾರತದ ಅನೇಕ ಪೇಟೆಗಳಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅರಿವೆಯ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲಿನ ಒಡೆಯನಾದ ರೈತನು ಎದುರಿಗೇ ಕುಳಿತಿದ್ದರೂ ತನ್ನ ಮಾಲಿನ ಬೆಲೆ ತನಗೆ ತಿಳಿಯುತ್ತಿರಲಿಲ್ಲ. ಕೊನೆಯಲ್ಲಿ ಅವನ ಕೈಗೆ ಬರುತ್ತಿದ್ದುದು ಲೆಕ್ಕದ ಪಟ್ಟಿ. ಅದರಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿ, ಸೂಟು, ನಮೂನೆ, ಧರ್ಮಾದಾಯ ಎಂದು ಒಂದರ ಕೆಳಗೊಂದು ಬಾಬುಗಳು.

ಇಂತಹ ಪಟ್ಟಿ ಮಾಡುವ ಕೆಲಸವೇನೆಂಬುದು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟವಾಗುತ್ತದೆ. ರೈತನೊಬ್ಬನು ತಲಾ 50 ಕಿಲೋ ತೂಕದ 20 ಚೀಲ ಮಾಲು ತಂದನೆಂದುಕೊಳ್ಳಬಹುದು. ಒಟ್ಟು 1,000 ಕಿಲೋ. ಕಿಲೋಗೆ 40 ರೂಪಾಯಿಯಂತೆ ಅವನಿಗೆ 40,000 ರೂಪಾಯಿ ಬರಬೇಕು. ಚೀಲಕ್ಕೆ ಒಂದು ಕಿಲೋ ಸೂಟು, ಅರ್ಧ ಕಿಲೋ ನಮೂನೆ ಎಂದು ಕಳೆದರೆ ಉಳಿಯುವುದು 970 ಕಿಲೋ, ಅಂದರೆ 38,800 ರೂಪಾಯಿ. ಅದರಲ್ಲಿ ನೂರಕ್ಕೆ ಮೂರರಂತೆ ದಲಾಲಿ 1,164, ಚೀಲಕ್ಕೆ ಹತ್ತರಂತೆ ಹಮಾಲಿ ಮತ್ತು ತೂಕದ ಕೂಲಿ 200, ನೂರಕ್ಕೆ ನಾಲ್ಕಾಣೆಯಂತೆ ಧರ್ಮಾದಾಯ 97. ಕೈಗೆ ಬಂದದ್ದು 37,339 ರೂಪಾಯಿ. ಹೇಳಿದ ದರ 40, ದೊರೆತ ದರ 37 ರೂಪಾಯಿ 34 ಪೈಸೆ. ಒಂದೊಂದು ಬಾಬೂ ಸಣ್ಣದಾಗಿ ಕಾಣುತ್ತದೆ. ಯಾವುದೊಂದಕ್ಕೂ ಜಗಳ ತೆಗೆಯಲು ರೈತನಿಗೆ ಸಂಕೋಚವಾಗುತ್ತದೆ. ಕೂಡಿಸಿದಾಗ 2,661 ರೂಪಾಯಿ ಹೋಗಿರುತ್ತದೆ. ಗುಪ್ತ ವೆಚ್ಚದ ಬಲವೆಲ್ಲ ಈ ಸಣ್ಣತನದಲ್ಲಿಯೇ ಅಡಗಿದೆ.

ಈ ಬಾಬುಗಳಲ್ಲಿ ಧರ್ಮಾದಾಯದ ವಿಚಾರವು ಶ್ರಾವಕರಿಗೂ ಬಸದಿಯ ಟ್ರಸ್ಟುಗಳಿಗೂ ಹತ್ತಿರವಾದುದು. ಗೋಶಾಲೆ, ಪಾಂಜರಪೋಳ, ಧರ್ಮಶಾಲೆ, ಪಾಠಶಾಲೆ, ದೇವಸ್ಥಾನಗಳ ಸಲುವಾಗಿ ಎಂದು ಈ ಹಣವನ್ನು ಎತ್ತುತ್ತಿದ್ದರು. ಅದರಿಂದ ಸತ್ಕಾರ್ಯಗಳು ನಡೆದಿರುವುದನ್ನು ಅಲ್ಲಗಳೆಯುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ, ವ್ಯಾಪಾರಿಯು ಧರ್ಮಾದಾಯವೆಂದು ಗಿರಾಕಿಗಳಿಂದ ಪಡೆದ ಹಣವು ಅವನ ವ್ಯಾಪಾರದ ಆದಾಯವಲ್ಲ, ಧರ್ಮಕಾರ್ಯಕ್ಕೆ ಮೀಸಲಾದ ಹಣವೆಂದು ತೀರ್ಮಾನಿಸಿತು. ತಂಬಾಕು ವ್ಯಾಪಾರಕ್ಕೆ ಸಂಬಂಧಿಸಿದ 2019ರ ತೀರ್ಪೊಂದರಲ್ಲಿಯೂ, ಸರಕಿನ ಬೆಲೆಯೊಡನೆ ಕೊಟ್ಟ ಧರ್ಮಾದಾಯವು ಸರಕಿನ ಬೆಲೆಯ ಭಾಗವಲ್ಲ, ಮಾರುವವನು ಅದನ್ನು ನ್ಯಾಸವಾಗಿ ಹಿಡಿದಿರುತ್ತಾನೆ ಎಂಬ ನಿಲುವನ್ನೇ ತಾಳಲಾಯಿತು.

ತೆರಿಗೆಯ ದೃಷ್ಟಿಯಿಂದ ಹೊರಟ ಈ ತೀರ್ಪುಗಳಿಂದ ಧರ್ಮದೃಷ್ಟಿಯ ಪಾಠವೊಂದು ಹೊರಡುತ್ತದೆ. ಹಣವು ವ್ಯಾಪಾರಿಯದಲ್ಲವೆಂದ ಮೇಲೆ ದಾನಿಯೂ ಅವನಲ್ಲ. ತತ್ತ್ವಾರ್ಥಸೂತ್ರವು ದಾನದ ಲಕ್ಷಣವನ್ನು ಹೇಳುವಾಗ ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೆಂಬ ಅರ್ಥವನ್ನು ಇಡುತ್ತದೆ. ‘ತನ್ನದು’ ಎಂಬ ಮಾತೇ ಅಲ್ಲಿ ಮುಖ್ಯ. ದಾನದ ಫಲವು ವಿಧಿ, ದ್ರವ್ಯ, ದಾತೃ ಮತ್ತು ಪಾತ್ರಗಳ ವಿಶೇಷವನ್ನು ಅವಲಂಬಿಸಿದೆ ಎಂದೂ ಅಲ್ಲಿಯೇ ಹೇಳಿದೆ. ರೈತನ ಪಟ್ಟಿಯಿಂದ ಕೇಳದೆ ಕಳೆದ ನಾಲ್ಕಾಣೆಯಲ್ಲಿ ಪಾತ್ರವು ಉತ್ತಮವಾಗಿರಬಹುದು. ಆದರೆ ವಿಧಿಯಲ್ಲಿ ದೋಷವಿದೆ, ದ್ರವ್ಯವು ಪರರದು, ದಾತೃವಿಗೆ ತಾನು ದಾನ ಮಾಡಿದೆನೆಂಬ ಅರಿವೇ ಇಲ್ಲ. ಅಂತಹ ಹಣದಿಂದ ಕಲ್ಲಿನ ಮೇಲೆ ವ್ಯಾಪಾರಿಯ ಹೆಸರು ಕೆತ್ತಿಸಿದರೆ, ಪುಣ್ಯದ ಲೆಕ್ಕದಲ್ಲಿಯೂ ಕೂಟಲೇಖವಾದಂತೆ. ವೇಣುಗ್ರಾಮದ ವರ್ತಕರು ತಾವಾಗಿ ಒಪ್ಪಿ ಕಲ್ಲಿನಲ್ಲಿ ಬರೆಸಿದ್ದಕ್ಕೂ ಪಟ್ಟಿಯ ಕೊನೆಯ ಸಾಲಿನಲ್ಲಿ ನುಸುಳಿದ ಬಾಬಿಗೂ ಇರುವ ಅಂತರ ಇದೇ.

ಈ ದೋಷಗಳನ್ನು ತಿದ್ದುವ ಯತ್ನವು ಕಾಯದೆಯ ರೂಪದಲ್ಲಿಯೂ ನಡೆಯಿತು. ಲಾರ್ಡ್ ಲಿನ್ಲಿತ್‌ಗೋ ಅಧ್ಯಕ್ಷತೆಯಲ್ಲಿ 1926ರಲ್ಲಿ ನೇಮಕವಾದ ಕೃಷಿಯ ರಾಯಲ್ ಕಮಿಷನ್ 1928ರ ತನ್ನ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳನ್ನು ಸ್ಥಾಪಿಸಬೇಕೆಂದೂ ತೂಕ ಅಳತೆಗಳನ್ನು ಏಕರೂಪಗೊಳಿಸಬೇಕೆಂದೂ ಶಿಫಾರಸು ಮಾಡಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ಸರಕಾರವು 1927ರಲ್ಲಿ ಹತ್ತಿ ಮಾರುಕಟ್ಟೆಗಳ ಕಾಯದೆಯನ್ನೂ 1932ರಲ್ಲಿ ತೂಕ ಅಳತೆಗಳ ಕಾಯದೆಯನ್ನೂ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಕಾಯದೆಯನ್ನೂ ಮಾಡಿತು. ನಿಯಮಗಳಲ್ಲಿ ಹೇಳಿದುದರ ಹೊರತು ಬೇರಾವ ವ್ಯಾಪಾರಿ ಕಡಿತವನ್ನೂ ಕೊಡಬಾರದು, ಪಡೆಯಬಾರದು ಎಂಬುದು 1939ರ ಕಾಯದೆಯ ಮುಖ್ಯ ತತ್ತ್ವ. 1937ರಿಂದ 1939ರ ವರೆಗಿನ ಆ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಗಳಾಗಿದ್ದವರು, ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಧುರೀಣರಾದ ಅಣ್ಣಾಸಾಹೇಬ ಲಠ್ಠೆಯವರು. ಆ ಸಭೆ ಹುಟ್ಟಿದ್ದೂ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ, 1899ರಲ್ಲಿ.

ಸ್ವಾತಂತ್ರ್ಯಾನಂತರ 1956ರ ಕಾಯದೆಯಿಂದ ಮೆಟ್ರಿಕ್ ಪದ್ಧತಿ ಬಂದು, ಊರಿಗೊಂದರಂತಿದ್ದ ಸೇರು, ಮಣಗಳ ಗೊಂದಲ ಕ್ರಮೇಣ ಕೊನೆಗೊಂಡಿತು. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯದೆ 1966ರಲ್ಲಿ ಬಂದಿತು. ಅರಿವೆಯ ಕೆಳಗಿನ ಬೆರಳು ಹೋಗಿ ಬಹಿರಂಗ ಸವಾಲು ಬಂದಿತು.

ಕಾಯದೆಯೊಂದರಿಂದಲೇ ನ್ಯಾಯ ಪೂರ್ಣವಾಗಲಿಲ್ಲವೆಂಬುದಕ್ಕೆ ನಿಪ್ಪಾಣಿಯೇ ಸಾಕ್ಷಿ. ಬೀಡಿ ತಂಬಾಕಿನ ಈ ದೊಡ್ಡ ಪೇಟೆಯಲ್ಲಿ ನ್ಯಾಯವಾದ ಬೆಲೆಗಾಗಿ ತಂಬಾಕು ಬೆಳೆಗಾರರು 1981ರ ಮಾರ್ಚ್ ತಿಂಗಳಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ಹನ್ನೆರಡು ಮಂದಿ ಪ್ರಾಣ ಕಳೆದುಕೊಂಡರು. ಬೆಲೆಯ ಮಾತು ಬರಿಯ ಅಂಕಿಯ ಮಾತಲ್ಲ, ಅದರ ಹಿಂದೆ ಮನೆತನಗಳ ಜೀವನವೇ ಇದೆ ಎಂಬುದನ್ನು ಆ ಘಟನೆ ಈ ಭಾಗಕ್ಕೆ ಮರೆಯದಂತೆ ಕಲಿಸಿತು. ಇಂದು ಕಬ್ಬು ಬೆಳೆಯುವ ಮನೆಗಳಲ್ಲಿಯೂ ಇದೇ ತೆರನಾದ ಲೆಕ್ಕವಿದೆ. 2009ರಿಂದ ಕೇಂದ್ರ ಸರಕಾರವು ಗೊತ್ತುಮಾಡುವ ನ್ಯಾಯ ಮತ್ತು ಲಾಭದಾಯಕ ದರವು ಕಾರಖಾನೆಯ ಬಾಗಿಲಿನ ದರ. ಕಟಾವು ಮತ್ತು ಸಾಗಾಣಿಕೆಯ ವೆಚ್ಚ ಕಳೆದ ಮೇಲೆ ಉಳಿಯುವುದೇ ಬೆಳೆಗಾರನ ಕೈಯ ದರ. ಘೋಷಣೆಯಾದ ಅಂಕಿಯನ್ನೇ ನಂಬಿ ಸಾಲ ಮಾಡಿದವನು ಈ ಅಂತರದಿಂದ ಕಷ್ಟಕ್ಕೀಡಾಗುತ್ತಾನೆ.

ಕಾಯದೆಯ ಕೈ ಮುಟ್ಟದ ಸ್ಥಳದಲ್ಲಿ ವ್ರತವು ಏನು ಮಾಡಬಲ್ಲದೆಂಬುದಕ್ಕೆ ನಿದರ್ಶನವು ಭೋಜ ಗ್ರಾಮದಲ್ಲಿ ದೊರೆಯುತ್ತದೆ. ದೂಧಗಂಗಾ ಮತ್ತು ವೇದಗಂಗಾ ಕೂಡುವ ಸ್ಥಳದ ಈ ಊರಿನ ಪಾಟೀಲ ಮನೆತನದ ಭೀಮಗೌಡರ ಮಗನಾಗಿ 1872ರಲ್ಲಿ ಜನಿಸಿದ ಸಾತಗೌಡರೇ ಮುಂದೆ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು. 1920ರಲ್ಲಿ ಮುನಿದೀಕ್ಷೆ, 1924ರಲ್ಲಿ ಆಚಾರ್ಯಪದ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ. ಈ ಸಂಗತಿಗಳು ಸಮಾಜಕ್ಕೆಲ್ಲ ತಿಳಿದಿರುವಂಥವು. ಅವರ ಗೃಹಸ್ಥಾಶ್ರಮದ ಅಂಗಡಿಯ ಪ್ರಸಂಗವು ಮಾತ್ರ ಅಷ್ಟಾಗಿ ಮನನಕ್ಕೆ ಬಂದಿಲ್ಲ. ಅವರ ಮನೆತನಕ್ಕೆ ಬಟ್ಟೆಯ ಅಂಗಡಿಯಿತ್ತು. ಅದನ್ನು ಮುಖ್ಯವಾಗಿ ನೋಡಿಕೊಳ್ಳುತ್ತಿದ್ದವರು ತಮ್ಮನಾದ ಕುಂಗೌಡರು. ತಮ್ಮನು ಇಲ್ಲದಾಗ ಸಾತಗೌಡರು ಕುಳಿತರೆ, ಬಂದ ಗಿರಾಕಿಗೆ ಬೇಕಾದ ಬಟ್ಟೆಯನ್ನು ತಾನೇ ಆರಿಸಿ, ತಾನೇ ಗಜ ಹಿಡಿದು ಅಳೆದುಕೊಂಡು, ಲೆಕ್ಕವನ್ನೂ ತನ್ನ ಕೈಯಿಂದಲೇ ಪುಸ್ತಕದಲ್ಲಿ ಬರೆಯುವಂತೆ ತಿಳಿಸುತ್ತಿದ್ದರೆಂದು ಅವರ ಜೀವನಚರಿತ್ರೆ ಹೇಳುತ್ತದೆ.

ಈ ಪ್ರಸಂಗವನ್ನು ವೈರಾಗ್ಯದ ಲಕ್ಷಣವೆಂದು ಕೊಂಡಾಡುವುದು ವಾಡಿಕೆ. ವ್ಯಾಪಾರದ ದೃಷ್ಟಿಯಿಂದಲೂ ಅದರಲ್ಲಿ ಗಂಭೀರವಾದ ಅರ್ಥವಿದೆ. ಗಜವೂ ಲೇಖನಿಯೂ ಮಾರುವವನ ಕೈಯಲ್ಲಿರುವ ತನಕ ಕೊಳ್ಳುವವನು ಅವನ ನಿಷ್ಠೆಯನ್ನು ನಂಬಬೇಕೇ ಹೊರತು ಬೇರೆ ದಾರಿಯಿಲ್ಲ. ಅವೆರಡನ್ನೂ ಗಿರಾಕಿಯ ಕೈಗೆ ಕೊಟ್ಟಾಗ ಗುಪ್ತವಾದುದು ಏನೂ ಉಳಿಯುವುದಿಲ್ಲ. ಎಲ್ಲ ವರ್ತಕರೂ ಹಾಗೆ ಅಂಗಡಿಯನ್ನು ಬಿಟ್ಟುಕೊಡಲಾರರು. ಆದರೆ ಅಳತೆ ಮತ್ತು ಲೆಕ್ಕ ಎರಡೂ ಗಿರಾಕಿಯ ಕಣ್ಣಿಗೆ ಕಾಣುವಂತೆ ಇಡುವುದು ಯಾವ ಶ್ರಾವಕನಿಗೂ ಅಸಾಧ್ಯವಲ್ಲ.

ಪೇಟೆಯ ರೂಪ ಈಗ ಮತ್ತೆ ಬದಲಾಗಿದೆ. ಬಿಡಿ ಸಾಮಾನಿನ ಸ್ಥಾನಕ್ಕೆ ಪೊಟ್ಟಣ ಬಂದಾಗ 1977ರ ನಿಯಮಗಳು ತೂಕ, ಬೆಲೆಗಳನ್ನು ಪೊಟ್ಟಣದ ಮೇಲೆ ಮುದ್ರಿಸುವಂತೆ ಮಾಡಿದವು. ಆದರೂ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಬರೆಯಲು ಅವಕಾಶವಿದ್ದುದರಿಂದ ಅಂಗಡಿಯವನು ಎಷ್ಟು ಸೇರಿಸಿದನೆಂಬುದು ಕೊಳ್ಳುವವನಿಗೆ ತಿಳಿಯುತ್ತಿರಲಿಲ್ಲ. 1990ರ ತಿದ್ದುಪಡಿಯಿಂದ ಎಲ್ಲ ತೆರಿಗೆಗಳನ್ನೂ ಒಳಗೊಂಡ ಗರಿಷ್ಠ ಬೆಲೆಯನ್ನೇ ಮುದ್ರಿಸಬೇಕಾಯಿತು. 1986ರ ಗ್ರಾಹಕ ರಕ್ಷಣಾ ಕಾಯದೆಯ ಸ್ಥಾನದಲ್ಲಿ 2019ರ ಕಾಯದೆ ಬಂದಿದೆ. ಅದರ ಮೇರೆಗೆ ಸ್ಥಾಪಿತವಾದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು, ಹೋಟೆಲುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾವಾಗಿಯೇ ಸೇರಿಸಬಾರದೆಂದು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದಿಲ್ಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ಮೊಬೈಲಿನ ಮೂಲಕ ನಡೆಯುವ ಖರೀದಿಯಲ್ಲಿ ಹಳೆಯ ಪಟ್ಟಿಯೇ ಹೊಸ ವೇಷದಲ್ಲಿ ಬಂದಿದೆ. ಮೊದಲು ಕಡಿಮೆಯ ಬೆಲೆ ತೋರಿಸಿ, ಹಣ ಸಲ್ಲಿಸುವ ಹಂತಕ್ಕೆ ಬಂದಾಗ ತಲುಪಿಸುವ ಶುಲ್ಕ, ನಿರ್ವಹಣಾ ಶುಲ್ಕ ಎಂದು ಒಂದೊಂದಾಗಿ ಸೇರಿಸುವುದು ಅದರ ಒಂದು ಬಗೆ. ಕೇಳದ ವಸ್ತುವನ್ನೋ ವಿಮೆಯನ್ನೋ ಬುಟ್ಟಿಗೆ ಹಾಕಿಬಿಡುವುದು ಇನ್ನೊಂದು ಬಗೆ. ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿನ ಇಂತಹ 13 ವಂಚಕ ವಿಧಾನಗಳನ್ನು ಹೆಸರಿಸಿ ನಿಷೇಧಿಸಿದೆ. ಕೊಳ್ಳುವವನ ಒಪ್ಪಿಗೆಯಿಲ್ಲದೆ ದಾನದ ಹಣವನ್ನು ಬಿಲ್ಲಿಗೆ ಸೇರಿಸುವುದೂ ಅದರಲ್ಲಿ ದೋಷವೆಂದು ಎಣಿಸಲ್ಪಟ್ಟಿದೆ. ರೈತನ ಪಟ್ಟಿಯ ಧರ್ಮಾದಾಯದ ವಿಷಯದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಸರಕಾರವೇ ಕೇಳಿದಂತಾಗಿದೆ.

ಕೊಳ್ಳುವ ಕುಟುಂಬಗಳು ಕೆಲವು ಎಚ್ಚರಗಳನ್ನು ಪಾಲಿಸುವುದು ಹಿತಕರ. ಬೆಲೆ ಕೇಳುವಾಗ ‘ಎಲ್ಲ ಸೇರಿ ಎಷ್ಟು’ ಎಂದೇ ಕೇಳಬೇಕು. ಬಂಗಾರದಲ್ಲಿ ಮಜೂರಿ ಮತ್ತು ಸವಕಳಿ, ಯಂತ್ರಗಳಲ್ಲಿ ಸಾಗಾಣಿಕೆ ಮತ್ತು ಜೋಡಣೆ, ಸಾಲದಲ್ಲಿ ಅರ್ಜಿಯ ಶುಲ್ಕ ಮತ್ತು ವಿಮೆ, ಮದುವೆಯ ಮಂಗಲ ಕಾರ್ಯಾಲಯದಲ್ಲಿ ವಿದ್ಯುತ್ತು, ಪಾತ್ರೆ ಮತ್ತು ಸ್ವಚ್ಛತೆಯ ಬಾಬು. ಇವನ್ನು ಮುಂಗಡ ಕೊಡುವ ಮೊದಲೇ ಬರೆಯಿಸಿಕೊಳ್ಳಬೇಕು. ಬಿಲ್ಲು ಪಡೆದು ಅದರ ಪ್ರತಿಯೊಂದು ಸಾಲನ್ನೂ ಓದಬೇಕು. ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು. ತೆರಿಗೆ ಉಳಿಯುವುದೆಂಬ ಆಸೆಯಿಂದ ಬಿಲ್ಲಿಲ್ಲದೆ ಕೊಳ್ಳುವ ಗ್ರಾಹಕನೂ ವ್ರತಕ್ಕೆ ಚ್ಯುತಿ ತರುವವನೇ ಆಗಿದ್ದಾನೆ. ರಾಜ್ಯದ ನ್ಯಾಯವಾದ ನಿಯಮವನ್ನು ಮೀರುವುದನ್ನೂ ಆಚಾರ್ಯರು ಅದೇ ಐದು ಅತಿಚಾರಗಳಲ್ಲಿ ಎಣಿಸಿದ್ದಾರೆ.

ಬಸದಿಗಳ, ಕ್ಷೇತ್ರಗಳ ಟ್ರಸ್ಟುಗಳ ಹೊಣೆ ಇನ್ನೂ ಹೆಚ್ಚಿನದು. ಯಾತ್ರಿಕರ ಕೋಣೆಯ ಬಾಡಿಗೆ, ಊಟ, ಅಭಿಷೇಕ, ವಿಧಾನಗಳ ಕಾಣಿಕೆ ಎಷ್ಟೆಂಬುದು ಬಾಗಿಲಲ್ಲಿಯೇ ಕನ್ನಡ ಮತ್ತು ಮರಾಠಿಯಲ್ಲಿ ಬರೆದಿರಬೇಕು. ಪಂಚಕಲ್ಯಾಣ ಮಹೋತ್ಸವದ ಸವಾಲಿನಲ್ಲಿ ಇಂದ್ರ-ಇಂದ್ರಾಣಿಯರಾಗಲು ಮುಂದೆ ಬಂದ ದಂಪತಿಗಳಿಗೆ, ಕೂಗಿದ ಹಣದ ಹೊರತಾಗಿ ವಸ್ತ್ರ, ಆಭರಣ, ಮೆರವಣಿಗೆಗಳ ಖರ್ಚು ಯಾರ ಪಾಲಿನದು ಎಂಬುದು ಸವಾಲಿಗೆ ಮೊದಲೇ ತಿಳಿದಿರಬೇಕು. ಸಾಮಾನ್ಯ ಸ್ಥಿತಿಯ ಕುಟುಂಬವು ಸಭೆಯಲ್ಲಿ ಸಂಕೋಚಪಟ್ಟು ಒಪ್ಪಿಕೊಂಡು ಆಮೇಲೆ ಸಾಲ ಮಾಡುವಂತಾದರೆ, ಅಲ್ಲಿ ಧರ್ಮಪ್ರಭಾವನೆಗಿಂತ ಸಂಕ್ಲೇಶವೇ ಹೆಚ್ಚಾಗುತ್ತದೆ. ಬಾಡಿಗೆಯ ಪಾವತಿಯೊಳಗೆ ಅಭಿವೃದ್ಧಿ ನಿಧಿಯೆಂದು ದಾನವನ್ನು ಸೇರಿಸುವ ರೂಢಿ ಎಲ್ಲಿಯಾದರೂ ಇದ್ದರೆ, ಅದನ್ನು ಬೇರ್ಪಡಿಸಿ, ಕೊಡುವವನ ಇಚ್ಛೆಗೆ ಬಿಡಬೇಕು. ವರ್ಷದ ಜಮಾ-ಖರ್ಚನ್ನು ಬಸದಿಯ ಗೋಡೆಯ ಮೇಲೆ ಅಂಟಿಸುವುದು ವೇಣುಗ್ರಾಮದ ಶಿಲೆಯ ಸಂಪ್ರದಾಯವನ್ನು ಕಾಗದದಲ್ಲಿ ಮುಂದುವರಿಸಿದಂತೆಯೇ ಸರಿ.

ರಟ್ಟರ ಕಾಲದಿಂದ ಇಂದಿನವರೆಗೆ ತಕ್ಕಡಿಯ ರೂಪ ಅನೇಕ ಸಲ ಬದಲಾಗಿದೆ. ಕಾಯದೆಯು ಪ್ರತಿಯೊಂದು ಹೊಸ ಕಡಿತದ ಬೆನ್ನು ಹತ್ತಿ ಅದಕ್ಕೊಂದು ಹೆಸರು ಕೊಟ್ಟು ನಿಷೇಧಿಸುತ್ತ ಬಂದಿದೆ. ಕಡಿತವು ಹೆಸರು ಬದಲಿಸಿಕೊಂಡು ಮುಂದೆ ಹೋಗುತ್ತಿದೆ. ಆಚಾರ್ಯರು ಹೇಳಿದ ಅತಿಚಾರವು ಹೆಸರನ್ನು ನೋಡುವುದಿಲ್ಲ, ಎದುರಿನವನು ಅರಿತು ಒಪ್ಪಿದನೋ ಇಲ್ಲವೋ ಎಂಬುದನ್ನು ಮಾತ್ರ ನೋಡುತ್ತದೆ. ಆ ಒಂದು ಪ್ರಶ್ನೆಯನ್ನು ಅಂಗಡಿಯ ಗಲ್ಲೆಯ ಬಳಿಯೂ ಟ್ರಸ್ಟಿನ ಕಚೇರಿಯಲ್ಲಿಯೂ ಪ್ರತಿಸಲ ಕೇಳಿಕೊಳ್ಳುವುದರಲ್ಲಿಯೇ ಶ್ರಾವಕನ ಅಚೌರ್ಯಾಣುವ್ರತದ ಪಾಲನೆಯಿದೆ.